ಒಬ್ಬಳ ಮಾತಷ್ಟೇ ಕೇಳುವ ಕಾರು

"ಆ ಕಾರಿನ ಪರದೆ ಮಾಡಿದವರು ಯಾರು?"

ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಕೇಳಿದ್ದು ಅಷ್ಟೇ. ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದು ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು. ಮೊಣಕಾಲಿನವರೆಗೆ ಕೆಸರು.

ಕೋಣೆಯಲ್ಲಿದ್ದ ನಾಲ್ವರಲ್ಲಿ ಮೂವರು ಒಟ್ಟಿಗೆ ನಾಲ್ಕನೆಯವನ ಕಡೆ ನೋಡಿದರು. ಅವನು ಎದ್ದು ನಿಂತ.

"ನಾನೇ, ಮೇಡಂ."

"ಎಡಕ್ಕೆ ತಿರುಗಿ ಅಂತು. ತಿರುಗಿದೆ. ಅಲ್ಲಿ ರಸ್ತೆ ಇರಲಿಲ್ಲ, ಕೆರೆ ಇತ್ತು. ಅಲ್ಲಿಂದ ನಡ್ಕೊಂಡು ಬಂದಿದ್ದೀನಿ."

"ನಿಮಗೇನೂ ಆಗಿಲ್ಲ ತಾನೇ?"

"ಕಾರಿನ ಮುಂದಿನ ಚಕ್ರ ಎರಡೂ..."

"ಕಾರು ಆಮೇಲೆ ನೋಡೋಣ. ನಿಮಗೆ ಪೆಟ್ಟಾಗಿದ್ಯಾ?"

ಬೈಯುವುದಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವಳ ಬಾಯಲ್ಲೇ ಉಳಿದವು. ಎಂಟು ವರ್ಷದ ನೌಕರಿಯಲ್ಲಿ ಎಷ್ಟೋ ಕಾರುಗಳು ಕೈಕೊಟ್ಟಿದ್ದವು. ಪ್ರತಿ ಸಲ ಎಲ್ಲರೂ ಮೊದಲು ವಿಚಾರಿಸಿದ್ದು ಕಾರನ್ನೇ.

ಇವನ್ಯಾರಪ್ಪ... ಎಂದುಕೊಂಡಳು.

ಅವಳು ಕಾರು ಕಾರ್ಖಾನೆಯ ಪರೀಕ್ಷಕಿ. ಡ್ಯಾಶ್‌ಬೋರ್ಡಿನಲ್ಲಿ ಕೂರಿಸುವ ಪರದೆ ಇದೆಯಲ್ಲ, ದಾರಿ ತೋರಿಸುವುದು, ಹಾಡು ಹಾಕುವುದು, ಫೋನ್ ಎತ್ತುವುದು ಎಲ್ಲ ಅದರ ಕೆಲಸ. ಅದು ಜನರ ಕೈಗೆ ಕೊಡಲು ಯೋಗ್ಯವೋ ಅಲ್ಲವೋ ಎಂದು ಬರೆದುಕೊಡುವುದು ಇವಳ ಕೆಲಸ. ಯಾರ ಮುಖ ನೋಡಿಯೂ ಅರ್ಧ ಅಂಕ ಹೆಚ್ಚು ಹಾಕಿದವಳಲ್ಲ. ಬೆನ್ನ ಹಿಂದೆ ಎಲ್ಲರೂ 'ಕೆಂಪು ಪೆನ್ನು' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಅವನು ಆ ಪರದೆಯ ತಂತ್ರಜ್ಞ. ನಾಲ್ಕು ಜನರ ಸಣ್ಣ ತಂಡ, ಎರಡು ವರ್ಷದ ದುಡಿಮೆ. ಮೂರು ತಿಂಗಳ ಪರೀಕ್ಷೆಯ ಕೊನೆಗೆ ಅವಳು 'ಪಾಸ್' ಎಂದು ಬರೆದರೆ ಪರದೆ ಹೊಸ ಕಾರಿಗೆ ಹೋಗುತ್ತದೆ. 'ಫೇಲ್' ಎಂದರೆ ತಂಡವನ್ನು ಮುಚ್ಚಿ, ಹೊರಗಿನಿಂದ ಸಿದ್ಧ ಪರದೆ ತರಿಸುತ್ತಾರೆ.

ಕೆರೆಯ ದಾರಿಯಿಂದ ಶುರುವಾದ ಪರೀಕ್ಷೆ ಮುಂದುವರಿಯಿತು. ಇನ್ನೂ ಐವರು ಪರೀಕ್ಷಕರು ಕಾರು ಓಡಿಸಿ ನೋಡುತ್ತಿದ್ದರು, ಕೊನೆಯ ಮಾತು ಮಾತ್ರ ಅವಳದು. 'ಸಂಜೆ ಬಿಸಿಲು ಬಿದ್ದರೆ ನಕ್ಷೆ ಕಾಣುವುದಿಲ್ಲ' ಎಂದು ಅವಳು ಬರೆದಳು. ಮೂರು ದಿನ ಬಿಟ್ಟು ಅದೇ ಹಾಳೆಯ ಅಂಚಿನಲ್ಲಿ ಅವನ ಅಕ್ಷರ: 'ಈಗ ನೋಡಿ. ಕಪ್ಪು ಕನ್ನಡಕ ಹಾಕಿಯೂ ನೋಡಿ.'

'ಸದ್ದು ಕಡಿಮೆ ಮಾಡಲು ಮೂರು ಕಡೆ ಒತ್ತಬೇಕು. ಅಷ್ಟರಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿರುತ್ತದೆ' ಎಂದು ಬರೆದಳು. ಮುಂದಿನ ವಾರ ಪರದೆಯ ಕೆಳಗೆ ದುಂಡನೆಯ ಗುಂಡಿಯೊಂದು ಬಂದು ಕೂತಿತ್ತು.

ಅವಳು ಬರೆದದ್ದನ್ನು ಒಬ್ಬರು ಇಷ್ಟು ಗಮನವಿಟ್ಟು ಓದಿದ್ದು ಅದೇ ಮೊದಲು. ಖುಷಿಯಾಗುತ್ತಿತ್ತು. ಸುಳ್ಳೇಕೆ ಹೇಳಬೇಕು, ತುಂಬಾ ಖುಷಿಯಾಗುತ್ತಿತ್ತು.

ನಾಲ್ಕು ಗಂಟೆಗೆ ಅವನು ಎರಡು ಪೇಪರ್ ಲೋಟದಲ್ಲಿ ಚಹಾ ತಂದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ.

"ಇದಕ್ಕೂ ಮಾರ್ಕ್ಸ್ ಹಾಕ್ತೀರಾ?"

"ಸಕ್ಕರೆ ಜಾಸ್ತಿ. ಐದಕ್ಕೆ ಎರಡು."

ಮರುದಿನ ಸಕ್ಕರೆ ಕಡಿಮೆಯಿತ್ತು. ಅವಳು ಮೂರೂವರೆ ಕೊಟ್ಟಳು. ಅವನು ಏನೋ ದೊಡ್ಡದು ಗೆದ್ದವನಂತೆ ಇಡೀ ದಿನ ಓಡಾಡಿದ.

ಇನ್ನು ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳುವ ಪರೀಕ್ಷೆ. "ಹತ್ತಿರದ ಆಸ್ಪತ್ರೆಗೆ ದಾರಿ ತೋರ್ಸು," "ಅಕ್ಕನಿಗೆ ಫೋನ್ ಮಾಡು," ಹೀಗೆ ಐವತ್ತು ಮಾತು. ಮೊದಲ ವಾರ ಪರದೆಗೆ ತಿಳಿದದ್ದು ಹನ್ನೆರಡು. ಎರಡನೆಯ ತಿಂಗಳಿಗೆ ನಲವತ್ತು. ಮೂರನೆಯ ತಿಂಗಳಲ್ಲಿ ಐವತ್ತಕ್ಕೆ ಐವತ್ತು. ಅವಳು ಅರ್ಧ ಮಾತು ನುಂಗಿದರೂ ಅದಕ್ಕೆ ಅರ್ಥವಾಗುತ್ತಿತ್ತು.

ಪಾಸ್ ಎಂದು ಬರೆಯುವುದೊಂದೇ ಬಾಕಿ. ಆಮೇಲೆ... ಆಮೇಲಿನದನ್ನು ಅವಳು ಸ್ನಾನದ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಅಮ್ಮ ಎರಡು ಸಲ ಕರೆದರೂ ಕೇಳಿಸದಷ್ಟು ಯೋಚಿಸತೊಡಗಿದ್ದಳು.

ಕೊನೆಯ ಶನಿವಾರ ನಿಯಮದಂತೆ ಕಾರನ್ನು ಮನೆಗೆ ಒಯ್ದಳು. ಮನೆಮಂದಿ ಕೂತಾಗ ಹೇಗಿರುತ್ತದೆ ಎಂದು ನೋಡಬೇಕಿತ್ತು. ಅಮ್ಮ ಮುಂದೆ ಕೂತರು, ಅಕ್ಕ ಭಾವ ಹಿಂದೆ.

"ಅಮ್ಮ, ಎಲ್ಲಿಗೆ ಹೋಗಬೇಕೋ ಅದಕ್ಕೆ ಹೇಳು."

ಅಮ್ಮ ಗಂಟಲು ಸರಿಮಾಡಿಕೊಂಡು ಹೇಳಿದರು, "ದೊಡ್ಡ ಮಾರ್ಕೆಟ್‌ಗೆ ದಾರಿ ತೋರ್ಸಪ್ಪ."

ಪರದೆ ರೇಡಿಯೋ ಹಾಕಿತು.

"ನಾನ್ ಹೇಳ್ತೀನಿ ತಾಳಿ ಅತ್ತೆ," ಎಂದು ಭಾವ ಮುಂದೆ ಬಗ್ಗಿದರು. ಪರದೆ ಅವರ ಮಾತಿಗೆ ಹಿಂದಿನ ಗಾಜು ಒರೆಸಿತು. ಅಕ್ಕ ಹೇಳಿದಾಗ ಸುಮ್ಮನೆ ಕೂತಿತು.

"ನಿಮ್ಮಪ್ಪನ ಥರಾನೇ ಇದೆ. ಬೇಕಾದವರ ಮಾತು ಮಾತ್ರ ಕಿವಿಗೆ ಬೀಳುತ್ತೆ," ಎಂದರು ಅಮ್ಮ.

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ತಾನೇ ಮೆಲ್ಲಗೆ ಹೇಳಿ ನೋಡಿದಳು. ತಕ್ಷಣ ನಕ್ಷೆ ತೆರೆದುಕೊಂಡಿತು.

ಹಾಳೆ ತೆಗೆದು, 'ನನ್ನ ಮಾತಷ್ಟೇ ಕೇಳುತ್ತಿದೆ' ಎಂದು ಬರೆದುಕೊಂಡಳು.

ಸೋಮವಾರ ಇಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಕಾರಿನಲ್ಲಿ ಕೂರಿಸಿದಳು. ಗೇಟಿನ ಕಾವಲುಗಾರ, ಬಣ್ಣ ಬಳಿಯುವವರು, ಊಟದ ಮನೆಯ ಹೆಂಗಸರು. ಯಾರಿಗೂ ಐವತ್ತಕ್ಕೆ ಹತ್ತೊಂಬತ್ತು ದಾಟಲಿಲ್ಲ. ಅವಳಿಗೆ ಮಾತ್ರ ಐವತ್ತು.

ನಾಲ್ಕು ಗಂಟೆಗೆ ಅವನು ಚಹಾ ತಂದ. ಅವಳು ಮುಟ್ಟಲಿಲ್ಲ.

"ಅಂಕ ಹಾಕೋಳು ನಾನು ಅಂತ ನನ್ನ ದನಿಗೆ ಮಾತ್ರ ಹೊಂದಿಸಿದ್ದೀರಿ."

"ಏನು?"

ಅವಳು ಹಾಳೆ ಚಾಚಿದಳು. ಅವನು ಓದಿದ, ಇನ್ನೊಮ್ಮೆ ಓದಿದ. ಮುಖದ ಬಣ್ಣವೇ ಇಳಿದುಹೋಯಿತು.

"ನನಗೆ ಗೊತ್ತಿರಲಿಲ್ಲ..."

"ಇಷ್ಟು ದಿನ ಪಕ್ಕದಲ್ಲಿ ಕೂತು ಚಹಾ ಕುಡಿದಿದ್ದು, ನನ್ನ ಮಾತು ಕೇಳಿದ್ದು, ಎಲ್ಲ ಇದಕ್ಕೇನಾ?"

ಅವನು ಹಾಳೆಯನ್ನು ಅವಳಿಗೆ ಮರಳಿಸಿದ. "ಕಂಡಿದ್ದನ್ನ ಬರೀರಿ ಮೇಡಂ. ಅದು ಸರಿ," ಎಂದ.

ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು. ಒಪ್ಪಿಕೊಂಡುಬಿಟ್ಟ ಎಂದೇ ಅವಳು ತಿಳಿದಳು. ಫೇಲ್ ಎಂದು ಬರೆದಳು. ಸಹಿ ಮಾಡಿದಳು.

ಗುರುವಾರ ವಿಭಾಗದ ಮುಖ್ಯಸ್ಥೆ ಸಭೆ ಕರೆದರು. ವರದಿಯನ್ನು ಮೇಜಿನ ಮೇಲಿಟ್ಟು ಅವನನ್ನು ಕೇಳಿದರು, "ಹೀಗೆ ಹೇಗಾಯ್ತಪ್ಪ?"

ಅವನು ಎದ್ದು ಆರು ಫೈಲು ಮುಂದಿಟ್ಟ. ಕಾರನ್ನು ಓಡಿಸಿ ನೋಡಿದ ಆರು ಪರೀಕ್ಷಕರದ್ದು.

"ಪರದೆಗೆ ಮಾತು ಕಲಿಸಬೇಕಾದರೆ ಧ್ವನಿಮುದ್ರಿಕೆಯೊಂದೇ ಸಾಲದು. ಅವರು ಏನು ಹೇಳಿದರು, ಇದು ಏನು ಮಾಡಿತು ಅಂತ ಬರವಣಿಗೆಯಲ್ಲೂ ಇರಬೇಕು. ಐದು ಫೈಲಿನಲ್ಲಿ 'ಪರವಾಗಿಲ್ಲ' ಅಂತ ಮಾತ್ರ ಇದೆ."

ಆ ಐವರು ಅಲ್ಲೇ ಕೂತಿದ್ದರು. ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು, ಇನ್ನೊಬ್ಬರಿಗೆ ಕಿಟಕಿಯಾಚೆ ಏನೋ ಕಂಡಿತು. ಕಾಟಾಚಾರಕ್ಕೆ ಕೆಲಸ ಮಾಡಿದವರ ಲಕ್ಷಣವೇ ಅದು.

"ಇವರ ಫೈಲಿನಲ್ಲಿ ಮಾತ್ರ ಪ್ರತಿ ಮಾತೂ ಇದೆ. ಎಲ್ಲಿ ಉಸಿರು ತಗೊಂಡೆ, ಯಾವ ಬೀದಿಯಲ್ಲಿ ಗದ್ದಲವಿತ್ತು ಅನ್ನೋದೂ ಇದೆ. ಹಾಗಾಗಿ ಇವರದನ್ನೇ ಹಾಕಿ ಕಲಿಸಿದೆ. ಮುನ್ನೂರ ನಲವತ್ತು ಸಲ. ಅಂಕ ಏರ್ತಾ ಹೋಯ್ತು, ಎಲ್ಲರ ಮಾತೂ ಕಲೀತಿದೆ ಅಂದ್ಕೊಂಡೆ. ಬೇರೆಯವರನ್ನು ಕೂರಿಸಿ ನೋಡಲಿಲ್ಲ. ತಪ್ಪು ನನ್ನದೇ."

ಅವಳ ಕಿವಿ ಬಿಸಿಯಾಯಿತು. ದೇವರೇ... ಇವನು ಮೋಸ ಮಾಡಿರಲಿಲ್ಲ. ನಾನು ಬರೆದದ್ದನ್ನು ನಂಬಿ ಕೆಟ್ಟಿದ್ದ.

ಮುಖ್ಯಸ್ಥೆ ಅವಳ ಕಡೆ ತಿರುಗಿದರು. "ನೀನೇನಂತೀಯಮ್ಮ? ತಂಡ ಮುಚ್ಚೋದಾ?"

ಒಂದು ಮಾತಿನಲ್ಲಿ ಅವಳು ಅವನನ್ನು ಉಳಿಸಬಹುದಿತ್ತು. ವರದಿಯನ್ನು ಹಿಂದೆ ತೆಗೆದುಕೊಂಡರೆ ಸಾಕು.

"ಫೇಲ್ ಅನ್ನೋದು ಹಾಗೇ ಇರಲಿ ಮೇಡಂ. ಯಾರೋ ಒಬ್ಬರು ನೋವಿನಲ್ಲಿ 'ಆಸ್ಪತ್ರೆ' ಅಂದಾಗ ರೇಡಿಯೋ ಹಾಕೋ ಪರದೆಯನ್ನ ಹೊರಗೆ ಕಳಿಸಬಾರದು." ಆರು ಫೈಲುಗಳ ಕಡೆ ಕೈ ತೋರಿಸಿದಳು. "ಆದರೆ ಇದು ಮೋಸ ಅಲ್ಲ, ತಪ್ಪು. ತಿದ್ದಬಹುದು. ಆರು ವಾರ ಕೊಡಿ. ಮರುಪರೀಕ್ಷೆ ಬೇರೆಯವರು ಮಾಡಲಿ."

"ಬೇರೆಯವರು ಯಾಕೆ?"

"ಇದು ನನ್ನ ದನಿ ಕಲಿತಿದೆ. ನಾನು ಅಳೆದರೆ ಅಳತೆ ಸರಿ ಬರಲ್ಲ." ತನ್ನ ಫೈಲು ಮುಚ್ಚಿ ಹೇಳಿದಳು, "ನನಗೂ ಸರಿಯಾಗಿ ಅಳೆಯೋಕೆ ಆಗಲ್ಲ."

ಮುಖ್ಯಸ್ಥೆ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ, ಹೆಚ್ಚು ಕೇಳದೆ ಆರು ವಾರ ಎಂದು ಬರೆದುಕೊಂಡರು.

ಆ ಆರು ವಾರ ಅವರಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಕ್ಷಮೆ ಕೇಳಲು ಹೋದರೆ ಅದನ್ನೂ ಮೀರಿ ಮಾತು ಹೊರಬೀಳುತ್ತದೆ, ಪರೀಕ್ಷೆ ಮುಗಿಯುವ ಮೊದಲು ಅದು ಸಲ್ಲದು ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತೇನೋ.

ನೌಕರರ ಮನೆಯವರ ದನಿ ಬೇಕು ಎಂದು ಅವನು ಸೂಚನೆ ಹಾಕಿ, ಮೈಕು ಹಿಡಿದು ಮನೆಮನೆ ತಿರುಗಿದ. ಅವಳು ಕೆಲಸದಲ್ಲಿದ್ದಾಗ ಅವಳ ಮನೆಗೂ ಹೋಗಿದ್ದ.

"ಒಳ್ಳೇ ಹುಡುಗ ಕಣೇ," ಎಂದರು ಅಮ್ಮ. "ಐವತ್ತು ಮಾತು ಹೇಳಿ ಅಂದ. ನಾನು ನನ್ನ ಮಂಡಿ ನೋವಿನಿಂದ ಹಿಡಿದು ನಿನ್ನ ಹಟದವರೆಗೂ ಎಲ್ಲ ಹೇಳಿದೆ. ಮಧ್ಯೆ ಬಾಯಿ ಹಾಕಲಿಲ್ಲ."

"ನನ್ನ ಹಟದ ಬಗ್ಗೆ ಏನಂದ?"

"ಅದು ಗೊತ್ತು ಅಂದ."

ಮರುಪರೀಕ್ಷೆಯಲ್ಲಿ ನೂರ ಎಂಬತ್ತು ಜನ ಮಾತಾಡಿದರು. ಸರಾಸರಿ ಐವತ್ತಕ್ಕೆ ನಲವತ್ತಾರು. ಪಾಸ್.

ಆ ಮಧ್ಯಾಹ್ನ ಅವನು ಅವಳ ಮೇಜಿನ ಬಳಿ ಬಂದು ನಿಂತ. "ಒಂದ್ಸಲ ಕೂತು ನೋಡ್ತೀರಾ? ಹಾಳೆ ಬೇಡ, ಪೆನ್ನೂ ಬೇಡ."

ಕಾರಿನಲ್ಲಿ ಕೂತು ಅವಳು ಮೂರು ಮಾತು ಹೇಳಿದಳು. ಎರಡು ಅದಕ್ಕೆ ತಿಳಿಯಿತು. ಮೂರನೆಯದಕ್ಕೆ ಮತ್ತೊಮ್ಮೆ ಹೇಳಿ ಎಂದಿತು.

"ನನ್ನನ್ನ ಮರೆತುಬಿಟ್ಟಿದೆ," ಎಂದಳು ನಗುತ್ತಾ.

"ಮರೆತಿಲ್ಲ. ಈಗ ನೀವು ಅದಕ್ಕೆ ನೂರಾರು ಜನರಲ್ಲಿ ಒಬ್ಬರು. ಹಾಗೆ ಮಾಡೋಕೆ ಆರು ವಾರ ಹಿಡೀತು." ಅವನು ಗಾಜಿನಾಚೆ ನೋಡುತ್ತಾ ಹೇಳಿದ, "ನನಗೂ ಹಾಗೇ ಮಾಡ್ಕೊಳ್ಳೋಕೆ ನೋಡಿದೆ. ಆಗಲಿಲ್ಲ."

ಅವಳ ಕಣ್ಣು ತುಂಬಿತು. ತಡೆಯಲು ಹೋಗಲಿಲ್ಲ.

"ನಿಮ್ಮನ್ನ ಕಳ್ಳ ಅಂದ್ಕೊಂಡೆ. ತಪ್ಪಾಯ್ತು."

"ಆ ಹಾಳೆ ನೋಡಿದ್ರೆ ಯಾರಾದ್ರೂ ಹಾಗೇ ಅಂದ್ಕೋತಿದ್ರು."

"ಫೇಲ್ ಅಂತ ಬರೆದು ಮನೆಗೆ ಹೋಗಿ ಅತ್ತಿದ್ದೀನಿ, ಗೊತ್ತಾ? ಎಂಟು ವರ್ಷದಲ್ಲಿ ಮೊದಲ ಸಲ."

"ಸಭೆಯಲ್ಲಿ ವಾಪಸ್ ತಗೋಬಹುದಿತ್ತು. ಆಗಲೂ ತಗೊಳ್ಳಲಿಲ್ಲ."

"ಇಲ್ಲ."

"ಅದಕ್ಕೇ ಕೇಳ್ತಿರೋದು," ಎಂದ ಅವನು. "ಮುಂದೆ ನಾನು ಎಲ್ಲಿ ತಪ್ಪಿದ್ರೂ ಹೀಗೇ ಮುಖದ ಮೇಲೆ ಹೇಳೋರು ಮನೇಲಿ ಬೇಕು ನನಗೆ. ಬರ್ತೀರಾ?"

ಅವಳು ಕಣ್ಣೊರೆಸಿಕೊಂಡು ಅವನ ಕೈಯನ್ನು ಹಿಡಿದುಕೊಂಡಳು.

"ದಿನಾ ಹೇಳ್ತೀನಿ. ಆಮೇಲೆ ಬೇಡ ಅನ್ನಬಾರದು."

"ಅನ್ನಲ್ಲ."