ನಾಲ್ಕು ನೋಟ್‌ಬುಕ್ಕಿನ ಚೈನು

“ಔಟ್! ಬರ್ಕೊಳ್ರಿ, ಸುಹಾಸ ಔಟ್!”

ವಿಜಯಶ್ರೀ ಹೀಗೆ ಕೂಗಿದ್ದೇ ತಡ, ಪಾರ್ಕಿಂಗಿನ ಮೂಲೆಯಲ್ಲಿದ್ದ ನಾಲ್ಕು ನೋಟ್‌ಬುಕ್ಕುಗಳು ಪಟಪಟನೆ ತೆರೆದುಕೊಂಡವು.

“ಏ, ಚೀಟಿಂಗ್! ಬಾಲ್ ಸ್ಕೂಟರಿಗಿ ತಾಗ್ಯಾದ. ಸ್ಟಂಪಿಗಿ ಎಲ್ಲಿ ತಾಗ್ಯಾದ?” ಸುಹಾಸ ಬ್ಯಾಟನ್ನು ಎದೆಗೆ ಅವಚಿಕೊಂಡು ನಿಂತ.

“ಸ್ಕೂಟರಿಗಿ ತಾಗಿದ್ರೂ ಔಟೇ. ರೂಲ್ ಹೇಳಿದಾಂವ ನೀನೇ. ಮೂರನೇ ಪೇಜ್ ತೆಗಿ.”

ಎಲ್ಲರೂ ಮೂರನೇ ಪೇಜ್ ತೆಗೆದರು. ವಿಜಯಶ್ರೀಯ ಬುಕ್ಕಿನಲ್ಲಿ ಇತ್ತು. ಸುಹಾಸನ ತಂಗಿ ಸಾಹಿತ್ಯಳ ಬುಕ್ಕಿನಲ್ಲಿ ಇತ್ತು. ಕೆಳಗಿನ ಮನೆಯ ಯಲ್ಲಾಲಿಂಗನ ಬುಕ್ಕಿನಲ್ಲೂ ಇತ್ತು. ಸುಹಾಸ ತನ್ನ ಬುಕ್ಕು ತೆರೆದರೆ ಅಲ್ಲೂ ಇತ್ತು, ಅವನದೇ ಕೋಳಿಕಾಲಿನ ಅಕ್ಷರದಲ್ಲಿ. ‘ಬಾಲ್ ಸ್ಕೂಟರಿಗೆ ತಾಗಿದರೆ ಔಟ್. ಹೇಳಿದವನು ಸುಹಾಸ.’

ಪಾಪ, ಸುಹಾಸ ತನ್ನ ಅಕ್ಷರವನ್ನೇ ಕೆಕ್ಕರಿಸಿ ನೋಡಿ ಬ್ಯಾಟು ಕೊಟ್ಟುಬಿಟ್ಟ.

ಇದೆಲ್ಲ ವಿನಯ ಕಾಕಾನ ಕಿತಾಪತಿ. ವಿನಯ ವಿಜಯಶ್ರೀಯ ಅಪ್ಪನ ತಮ್ಮ. ಅವರೆಲ್ಲ ಇದ್ದ ನಾಸಿಕದಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ. ದಿನಾ ಸಂಜೆ ಬಿಲ್ಡಿಂಗಿನ ಮುಂದಿನ ಕಟ್ಟೆಯ ಮೇಲೆ ಅವನಿಗೂ ಮನ್ಮಥಪ್ಪ ಅಜ್ಜನಿಗೂ ಒಂದೇ ಜಗಳ. ಮನ್ಮಥಪ್ಪ ಅದೇ ಊರಿನ ಸಾತಪುರ ಬಡಾವಣೆಯ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಈಗ ಬಿಲ್ಡಿಂಗಿನ ಚೇರ್ಮನ್.

“ಬ್ಲಾಕ್‌ಚೈನ್, ಬ್ಲಾಕ್‌ಚೈನ್ ಅಂತ ಬಡ್ಕೊಂತಿ. ಅದು ರೊಟ್ಟಿ ಸುಡ್ತದೇನು?” ಎಂದು ಅವರು ಕೇಳುತ್ತಿದ್ದರು.

“ಇಲ್ರಿ.”

“ನಳ ರಿಪೇರಿ ಮಾಡ್ತದೇನು?”

“ಇಲ್ರಿ.”

“ಮತ್ತ ಏನ್ ಮಾಡ್ತದ ಮಾರಾಯ?”

“ಸುಳ್ಳ ಹೇಳ್ಲಾಕ ಬಿಡಂಗಿಲ್ರಿ. ಒಬ್ಬಾಂವ ಬರದಿಟ್ಟದ್ದು ಅವನೇ ತಿದ್ದಬಹುದು. ಅದೇ ಮಾತು ಎಲ್ಲರ ಹಂತೇಕ ಇದ್ರ ಯಾರು ತಿದ್ತಾರ?”

“ಎಲ್ಲಾ ಹವಾ! ಗಾಳಿ ತುಂಬಿದ ಬಲೂನ್!” ಎಂದು ಮನ್ಮಥಪ್ಪ ಕೈ ಝಾಡಿಸುತ್ತಿದ್ದರು.

ವಿಜಯಶ್ರೀಗೆ ಹತ್ತು ವರ್ಷ. ಅವಳ ಬಾಯಿಗೆ ಮಾತ್ರ ಇಪ್ಪತ್ತು. ಕಟ್ಟೆಯ ಹಿಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡವಳೇ ಮರುದಿನ ತನ್ನದೊಂದು ಚೈನ್ ಶುರು ಮಾಡಿದಳು. ನಾಲ್ಕು ಮಕ್ಕಳು, ನಾಲ್ಕು ನೋಟ್‌ಬುಕ್. ಒಬ್ಬರು ಕೂಗಿದ್ದನ್ನು ಎಲ್ಲರೂ ಬರೆಯಬೇಕು. ಪೆನ್ನಿನಲ್ಲೇ ಬರೆಯಬೇಕು. ಅಳಿಸುವಂತಿಲ್ಲ, ಹರಿಯುವಂತಿಲ್ಲ. ಹೊಸ ಪೇಜ್ ಶುರು ಮಾಡುವಾಗ ಹಿಂದಿನ ಪೇಜಿನ ಕೊನೆಯ ಸಾಲನ್ನು ಮತ್ತೆ ಬರೆದು ಮುಂದೆ ಹೋಗಬೇಕು. ನಡುವಿನ ಪೇಜ್ ಯಾರಾದರೂ ಮಾಯ ಮಾಡಿದರೆ ಕೂಡಲೇ ಸಿಕ್ಕಿಬೀಳಲಿ ಎಂದು. ಬರೆಯುವುದು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ, ಜಗಳ ಮಾತ್ರ ಮನೆಯ ಕನ್ನಡದಲ್ಲಿ.

ಎರಡೇ ದಿನದಲ್ಲಿ ಆ ಬುಕ್ಕುಗಳಿಗೆ ಇಡೀ ಬಿಲ್ಡಿಂಗೇ ಸಿಕ್ಕಿಬಿತ್ತು. ಯಾರ ಮನೆಯ ಹಾಲು ಉಕ್ಕಿತು, ಯಾರು ಲಿಫ್ಟಿನಲ್ಲಿ ಒಬ್ಬರೇ ಹಾಡಿದರು, ಒಂದನ್ನೂ ಬಿಡಲಿಲ್ಲ.

ಗುರುವಾರ ಟೆರೇಸಿನ ಚಾವಿ ಕಳೆಯಿತು. ಮನ್ಮಥಪ್ಪ ಎಲ್ಲರೆದುರು ವಿನಯನನ್ನು ತರಾಟೆಗೆ ತೆಗೆದುಕೊಂಡರು. “ನೀನೇ ಒಯ್ದೀದಿ! ಮ್ಯಾಲ ನಿಂತು ತಾಸುಗಟ್ಲೆ ಫೋನಿನ್ಯಾಗ ಮಾತಾಡ್ಲಾಕ!”

ಆಗ ವಿಜಯಶ್ರೀ ಗಂಟಲು ಸರಿ ಮಾಡಿಕೊಂಡು ಐದನೇ ಪೇಜ್ ಓದಿದಳು. “ಬುಧವಾರ, ಸಂಜೆ ಐದೂ ಹತ್ತು. ಮನ್ಮಥಪ್ಪ ಅಜ್ಜ ಚಾವಿಯನ್ನು ತುಳಸಿ ಕುಂಡದಲ್ಲಿ ಇಟ್ಟರು. ಆಮೇಲೆ ಆಕಳಿಸಿದರು. ಎರಡು ಸಲ.”

ಉಳಿದ ಮೂರು ಬುಕ್ಕಿನಲ್ಲೂ ಅದೇ ಇತ್ತು, ಆಕಳಿಕೆಯೂ ಸೇರಿ. ಚಾವಿ ತುಳಸಿಯ ಬುಡದಲ್ಲೇ ಸಿಕ್ಕಿತು. ಬಿಲ್ಡಿಂಗಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನ್ಮಥಪ್ಪ ನಗಲಿಲ್ಲ. ಬುಕ್ಕುಗಳನ್ನು ಒಂದೊಂದಾಗಿ ತಿರುವಿ ನೋಡಿ, ಕನ್ನಡಕ ಏರಿಸಿ, “ಭಾಳ ಶ್ಯಾಣ್ಯಾ ಚೀಜ್ ಅದಲ್ಲೋ ಇದು!” ಎಂದರು. ಅವತ್ತಿನಿಂದ ಅವರ ಮಾತೇ ಬದಲಾಯಿತು. “ಒಬ್ಬರು ಹೇಳಿದ್ರ ನಾ ನಂಬಂಗಿಲ್ಲ. ನಾಲ್ಕು ಬುಕ್ ಒಂದೇ ಮಾತು ಹೇಳಿದ್ವಂದ್ರ ಅದು ಖರೇನೇ.” ವಿನಯ ಕಾಕಾ ಅಂಗಿಯ ಕಾಲರ್ ಎತ್ತಿಕೊಂಡು ಓಡಾಡಿದ.

ಭಾನುವಾರ ಬಂತು. ಮರುದಿನ ಎಳ್ಳಮಾವಾಸ್ಯೆ. ಊರಲ್ಲಾದರೆ ಎಲ್ಲರೂ ಹೊಲಕ್ಕೆ ಹೋಗಿ ಹಸಿಕಾಳು, ಸೊಪ್ಪು ಬೇಯಿಸಿದ ಭಜ್ಜಿ, ರೊಟ್ಟಿ, ಅಂಬಲಿ ಉಂಡು ಬರುತ್ತಾರೆ. ಸಾತಪುರದಲ್ಲಿ ಹೊಲ ಎಲ್ಲಿಂದ ತರುವುದು? ಆದರೆ ಹತ್ತಿರದ ದಿಂಡೋರಿಯಲ್ಲಿ ವಿಜಯಶ್ರೀಯ ಅಪ್ಪನ ಗೆಳೆಯರೊಬ್ಬರ ದ್ರಾಕ್ಷಿ ತೋಟವಿತ್ತು. ಬಿಲ್ಡಿಂಗಿನಲ್ಲಿದ್ದ ಬೀದರ್, ಕಲಬುರಗಿಯ ಮನೆಯವರೆಲ್ಲ ಪ್ರತಿ ವರ್ಷ ಟೆಂಪೋ ಮಾಡಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಅಂಬಲಿ ವಿಜಯಶ್ರೀಯ ಅಜ್ಜಿ ಈರಮ್ಮನದು. ಭಜ್ಜಿ ಪ್ರೇಮಾಬಾಯಿಯದು. ಪ್ರೇಮಾಬಾಯಿ ಔರಾದ್ ಕಡೆಯವಳು, ದಿನಾ ಬೆಳಿಗ್ಗೆ ಬಿಲ್ಡಿಂಗಿನ ಮೆಟ್ಟಿಲು ಗುಡಿಸಿ ಒರೆಸುವವಳು. ಮಕ್ಕಳಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ.

“ಈ ಥಂಡ್ಯಾಗ ಅಂಬಲಿ ಹುಳಿನೇ ಬರಲ್ಲ ನೋಡು,” ಎಂದು ಗೊಣಗುತ್ತ ಈರಮ್ಮ ಅಜ್ಜಿ ಗಡಿಗೆಯನ್ನು ತಂದು ಎರಡನೇ ಮಾಳಿಗೆಯ ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಬಿಸಿಲಿಗೆ ಇಟ್ಟಳು. ಬಾಯಿಗೆ ಬಟ್ಟೆ ಕಟ್ಟಿದಳು.

ಬಿಸಿಲು ಬೀಳುವ ಜಾಗ ಅಜ್ಜಿಗೆ ಗೊತ್ತಿತ್ತು. ಮೊಮ್ಮಗಳು ಬೀಳುವ ಜಾಗ ಗೊತ್ತಿರಲಿಲ್ಲ. ಮೂರನೇ ಮಾಳಿಗೆಯಿಂದ ಮೆಟ್ಟಿಲ ಪಕ್ಕದ ಕಟಕಟೆಯ ಮೇಲೆ ಕೂತು ಸುಂಯ್ ಎಂದು ಜಾರುವುದು ವಿಜಯಶ್ರೀಯ ಗುಟ್ಟಿನ ಆಟ. ಮನೆಯಲ್ಲಿ ನೂರು ಸಲ ಬೇಡ ಎಂದಿದ್ದರು. ನೂರಾ ಒಂದನೇ ಸಲ ಬೇಡ ಎನ್ನಲು ಅಲ್ಲಿ ಯಾರೂ ಇರಲಿಲ್ಲ.

ಜಾರಿದಳು. ಕಾಲು ಗಡಿಗೆಗೆ ಬಡಿಯಿತು. ಢಪ್!

ಗಡಿಗೆ ಮೂರು ಹೋಳಾಯಿತು. ಬೆಳ್ಳಗಿನ ಅಂಬಲಿ ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಹೊರಟಿತು. ಪಕ್ಕದಲ್ಲೇ ಪ್ರೇಮಾಬಾಯಿಯ ನೀರಿನ ಬಕೆಟ್ ಇತ್ತು. ಆಕೆ ಮೇಲೆ ನಾಲ್ಕನೇ ಮಾಳಿಗೆಯಲ್ಲಿ ಕಸ ಗುಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

“ಏನಾತು? ಏನಾತು?” ಎನ್ನುತ್ತ ಸುಹಾಸ, ಸಾಹಿತ್ಯ, ಯಲ್ಲಾಲಿಂಗ ಓಡಿ ಬಂದರು. ಮೂವರ ಕೈಯಲ್ಲೂ ಬುಕ್ಕು, ಕಿವಿಯ ಮೇಲೆ ಪೆನ್ನು.

ವಿಜಯಶ್ರೀಯ ಬಾಯಿ ಅವಳನ್ನು ಕೇಳದೆಯೇ ತೆರೆದುಕೊಂಡಿತು.

“ಮೌಶಿ ಬಕೆಟ್ ತಾಗಿ ಗಡಗಿ ಒಡೀತು! ಬರ್ಕೊಳ್ರಿ!”

ಮೂರು ಪೆನ್ನುಗಳು ಸರಸರ ಓಡಿದವು. ಆಮೇಲೆ ಅವಳದೂ ಓಡಿತು.

ಚಪ್ಪಲಿ ಟಪಟಪ ಎನ್ನಿಸುತ್ತ ಮನ್ಮಥಪ್ಪ ಬಂದರು. ಮೊದಲು ಅಂಬಲಿ ನೋಡಿದರು, ಆಮೇಲೆ ನಾಲ್ಕೂ ಬುಕ್ಕು ನೋಡಿದರು. ಪ್ರೇಮಾಬಾಯಿಯನ್ನು ಕೂಗಿ ಕರೆದರು.

“ನಾ ಮ್ಯಾಲ ಇದ್ದೆರಿ ಅಣ್ಣಾರ. ಗಡಗಿ ನಾ ಮುಟ್ಟಿಲ್ರಿ,” ಎಂದಳು ಪ್ರೇಮಾಬಾಯಿ.

“ನಾಲ್ಕು ಬುಕ್ ಸುಳ್ಳ ಹೇಳ್ತಾವೇನು?”

“ಬುಕ್ಕಿನ್ದು ನನಗ ಗೊತ್ತಿಲ್ರಿ.”

“ಹೋಗ್ಲಿ ಬಿಡ್ರಿ ಯಪ್ಪಾ, ಒಂದು ಗಡಗಿ ತಾನೇ,” ಎಂದು ಈರಮ್ಮ ಅಜ್ಜಿ ನಡುವೆ ಬಂದಳು.

“ಗಡಗಿ ಮಾತಲ್ಲ ಯಕ್ಕಾ. ಒಡೀತು ಅಂದಿದ್ರ ಮುಗೀತಿತ್ತು. ಸುಳ್ಳ ಯಾಕ ಹೇಳಬೇಕು? ಜನವರಿಯಿಂದ ಬ್ಯಾರೆ ಕೆಲಸದಾಕಿನ್ನ ನೋಡ್ತೀವಿ.”

ಪ್ರೇಮಾಬಾಯಿ ಒಂದು ಕ್ಷಣ ಆ ಬುಕ್ಕುಗಳ ಕಡೆ ನೋಡಿದಳು. ಅಂಬಲಿಯನ್ನೆಲ್ಲ ಒರೆಸಿ, ಹೋಳು ಆರಿಸಿ, ಬಕೆಟ್ಟನ್ನು ಬೋರಲು ಹಾಕಿ ಹೊರಟುಹೋದಳು. ‘ಇಲ್ಲ, ನಾನು’ ಎಂಬ ಎರಡು ಮಾತು ವಿಜಯಶ್ರೀಯ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತುಬಿಟ್ಟವು.

“ಪೇಜ್ ಮುಗೀತು. ಹೊಸ ಪೇಜ್!” ಎಂದ ಯಲ್ಲಾಲಿಂಗ.

ಹೊಸ ಪೇಜೆಂದರೆ ಹಳೆಯದರ ಕೊನೆಯ ಸಾಲು ಮತ್ತೆ ಬರೆಯಬೇಕು. ‘ಪ್ರೇಮಾ ಮೌಶಿ ಬಕೆಟ್ ತಾಗಿ ಗಡಿಗೆ ಒಡೆಯಿತು.’ ಮೊದಲ ಸಲ ಬರೆದಾಗ ಕೈ ಅವಸರದಲ್ಲಿತ್ತು. ಈಗ ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಬರೆಯಬೇಕಾಯಿತು. ಮೌಶಿಯ ಹೆಸರು ಬರೆದ ಕೂಡಲೇ ವಿಜಯಶ್ರೀ ಅದರ ಮೇಲೆ ಅಂಗೈ ಇಟ್ಟು ಮುಚ್ಚಿದಳು.

ಮಧ್ಯಾಹ್ನ ವಿನಯ ಕಾಕಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅವಳು ಬಾಗಿಲ ಚೌಕಟ್ಟು ಕೆರೆಯುತ್ತ ನಿಂತಳು.

“ಕಾಕಾ, ಚೈನಿನ್ಯಾಗ ಸುಳ್ಳ ಹೋದ್ರ ಏನಾಗ್ತದ?”

“ಹೊರಗಿಂದು ಸುಳ್ಳೋ ಖರೇನೋ ಅಂತ ಚೈನಿಗಿ ಹ್ಯಾಂಗ ಗೊತ್ತಾಗ್ಬೇಕು? ಹೋದದ್ದು ಹೋದಂಗೇ ಗಟ್ಟಿ ಕುಂದರ್ತದ.”

“ಅಳಿಸ್ಲಾಕ?”

“ಬರಂಗಿಲ್ಲ. ಕೆಳಗ ಖರೇದು ಬರೀಬಹುದು, ಅಷ್ಟೇ.” ಅವನು ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. “ಯಾಕ ವಿಜ್ಜಿ?”

“ಸುಮ್ನೆ,” ಎಂದು ವಿಜಯಶ್ರೀ ಅಲ್ಲಿಂದ ಓಡಿದಳು.

ಪಾರ್ಕಿಂಗಿನಲ್ಲಿ ನಾಲ್ಕೂ ಬುಕ್ಕುಗಳನ್ನು ಸಾಲಾಗಿ ಇಡಿಸಿ ಒಂದೊಂದರಲ್ಲೂ ತನ್ನ ಕೈಯಿಂದಲೇ ಬರೆದಳು. ‘ಮೇಲಿನ ಸಾಲು ಸುಳ್ಳು. ಗಡಿಗೆ ಒಡೆದದ್ದು ವಿಜಯಶ್ರೀ. ಕಟಕಟೆ ಮೇಲೆ ಜಾರಿದಾಗ.’

ಸುಹಾಸನ ಕಣ್ಣು ದೊಡ್ಡದಾಯಿತು. “ನೀ ಸುಳ್ಳ ಹೇಳಿದಿ? ಅದನ್ನ ನಾ ಎರಡು ಸಲ ಬರದೀನಿ!”

“ಮತ್ತ ನನ್ನ ಬುಕ್ಕೂ ಸುಳ್ಳಾತೇನು?” ಯಲ್ಲಾಲಿಂಗನಿಗೆ ಅಳು ಬಂತು. “ನಾ ಸ್ಕೇಲ್ ಹಚ್ಚಿ ಲೈನ್ ಹೊಡದಿದ್ದೆ.”

ಸಾಹಿತ್ಯ ತನ್ನ ಪೆನ್ನಿನ ಮುಚ್ಚಳ ಹಾಕಿದಳು.

ವಿಜಯಶ್ರೀ ತನ್ನ ಬುಕ್ಕು ಎತ್ತಿಕೊಂಡು ಹಿಂದಿನ ಓಣಿಗೆ ಓಡಿದಳು. ಪ್ರೇಮಾಬಾಯಿ ತನ್ನ ಕೋಣೆಯ ಹೊಸ್ತಿಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ಮರುದಿನದ ಭಜ್ಜಿಗೆ ತಂದದ್ದು, ಇನ್ನೇನು ಮಾಡುವುದು ಎಂದು ಸುಮ್ಮನೆ ಸುಲಿಯುತ್ತಿದ್ದಳು.

ವಿಜಯಶ್ರೀ ಮಾತಾಡದೆ ಬುಕ್ಕು ತೆರೆದು ಮುಂದೆ ಹಿಡಿದಳು, ಬೆರಳನ್ನು ಸರಿಯಾದ ಸಾಲಿನ ಮೇಲೆ ಇಟ್ಟು.

ಪ್ರೇಮಾಬಾಯಿ ಸಾಲು ನೋಡಿದಳು, ಬೆರಳು ನೋಡಿದಳು. “ನನಗ ಓದ್ಲಾಕ ಬರಲ್ಲವ್ವ. ಏನದ, ಬಾಯಿಲಿಂದ ಹೇಳು.”

ನಾಲ್ಕು ಬುಕ್ಕಿನಲ್ಲಿ ಬರೆಯಲು ಹತ್ತು ನಿಮಿಷ ಸಾಕಾಗಿತ್ತು. ಇದನ್ನು ಹೇಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೇನೋ ಎನ್ನಿಸಿತು. ವಿಜಯಶ್ರೀ ನೆಲ ನೋಡಿದಳು, ತೊಗರಿಕಾಯಿ ನೋಡಿದಳು. ಕೊನೆಗೆ ಪ್ರೇಮಾಬಾಯಿಯ ಮುಖ ನೋಡಿದಳು.

“ಮೌಶಿ, ಗಡಗಿ ನಾ ಒಡದೆ. ನಿನ್ನ ಹೆಸರು ಹೇಳಿದೆ.” ಅಷ್ಟು ಹೇಳುವುದರಲ್ಲಿ ಅವಳ ಮೂಗು ಸೋರತೊಡಗಿತು.

ಪ್ರೇಮಾಬಾಯಿ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು. “ಯಾಕ?”

“ಅಂಜಿಕಿ ಬಂತು. ನಿನ್ನ ಬಕೆಟ್ ಅಲ್ಲೇ ಇತ್ತು.”

“ನನ್ನ ಬಕೆಟ್ ದಿನಾ ಅಲ್ಲೇ ಇರ್ತದಲ್ಲೇ!” ಪ್ರೇಮಾಬಾಯಿ ಸಿಟ್ಟಿನಿಂದ ಎಂದಳು. ಸಿಟ್ಟು ಇಳಿಯಲಿಲ್ಲ. ಆದರೂ ಸೆರಗಿನಿಂದ ಆ ಮೂಗನ್ನು ಒರೆಸಿದಳು, ಸ್ವಲ್ಪ ಜೋರಾಗಿಯೇ. “ಇದೇ ಮಾತು ಮನ್ಮಥಪ್ಪ ಅಣ್ಣಾರ ಮುಂದ ಹೇಳ್ತಿ?”

“ಹೇಳ್ತೀನಿ.”

“ಎಲ್ಲರ ಮುಂದ?”

ವಿಜಯಶ್ರೀ ಬುಕ್ಕು ಮುಚ್ಚಿದಳು. “ಹೇಳ್ತೀನಿ.”

ಇಬ್ಬರೂ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಸಂಜೆಯ ಜಗಳ ಭರ್ಜರಿಯಾಗಿ ನಡೆದಿತ್ತು. ಆದರೆ ಇವತ್ತು ಎಲ್ಲ ತಿರುವುಮುರುವು. ಬ್ಲಾಕ್‌ಚೈನ್ ಇದ್ದರೆ ಪೊಲೀಸರೂ ಬೇಡ, ಕೋರ್ಟೂ ಬೇಡ ಎಂದು ಮನ್ಮಥಪ್ಪನೇ ಹೇಳುತ್ತಿದ್ದರು. ಹಾಗಲ್ಲರಿ, ಅಷ್ಟೆಲ್ಲ ಆಗಂಗಿಲ್ಲರಿ ಎಂದು ವಿನಯ ಕಾಕಾ ತಲೆ ಕೆರೆದುಕೊಳ್ಳುತ್ತಿದ್ದ. ಈರಮ್ಮ ಅಜ್ಜಿ, ಇನ್ನೂ ನಾಲ್ಕೈದು ಮನೆಯವರು ಕೂತು ಮಜಾ ನೋಡುತ್ತಿದ್ದರು.

ವಿಜಯಶ್ರೀ ಎಲ್ಲರ ನಡುವೆ ಹೋಗಿ ನಿಂತಳು.

“ಅಜ್ಜಾ, ಗಡಗಿ ಒಡದಾಕಿ ನಾನ್ರಿ. ಮೌಶಿ ಅಲ್ಲ.”

ಈರಮ್ಮ ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮನ್ಮಥಪ್ಪ ಅವಳನ್ನು ನೋಡಿದರು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು, ಕೈ ಚಾಚಿದರು.

“ಹ್ಯಾಂಗ ಸಾಧ್ಯ? ನಾಲ್ಕರಾಗೂ ಬರದದಲ್ಲ. ತಾ ಇಲ್ಲಿ ಆ ಬುಕ್, ನೋಡಮ್.”

ವಿಜಯಶ್ರೀ ಬುಕ್ಕನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅದರಲ್ಲಿ ಈಗ ಖರೇದೂ ಇತ್ತು. ಆದರೂ ಕೊಡಬೇಕು ಅನ್ನಿಸಲಿಲ್ಲ.

“ಬುಕ್ ಬ್ಯಾಡ್ರಿ ಅಜ್ಜಾ. ನಾಲ್ಕೂ ಬುಕ್ ನಮ್ಮವೇ ಇದ್ವು, ಮೌಶಿದು ಒಂದೂ ಇರಲಿಲ್ಲ. ಅಕಿ ಹೇಳಿದ್ದು ನಾವು ಯಾರೂ ಬರ್ಕೊಂಡೇ ಇಲ್ಲ.”

ಮನ್ಮಥಪ್ಪ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಬಾ ಪ್ರೇಮಾಬಾಯಿ, ಕುಂದ್ರು,” ಎಂದರು. “ಮುಂಜಾನಿ ಏನಾತು, ನೀ ಹೇಳು.”

ಪ್ರೇಮಾಬಾಯಿ ಕಟ್ಟೆಯ ಮೇಲೆ ಕೂತಳು. ವಿಜಯಶ್ರೀಯೂ ಅವಳ ಕಾಲ ಹತ್ತಿರ ಕೂತು, ಪೆನ್ನು ಮುಟ್ಟದೆ, ಪೂರಾ ಕೇಳಿದಳು.