ಎಂಟನೆಯ ಸಾಲಿನ ಷರಾ

“ಮೇಡಂ, ಇದು ಪ್ರಿಂಟರ್ ಮ್ಯಾಲ ಬಿದ್ದಿತ್ತು.”

ಅಂಜಿನಿ ಒಂದು ಹಾಳೆಯನ್ನು ಪಂಪಾವತಿಯ ಮೇಜಿನ ಮೇಲಿಟ್ಟು ನಿಂತ. ನಿನ್ನೆ ಸಂಜೆ ಅವಳು ಪ್ರಿಂಟ್ ತೆಗೆದು, ತಿದ್ದಿ, ಅಲ್ಲೇ ಮರೆತಿದ್ದ ಆಡಿಟ್ ಪ್ಲಾನಿನ ಕರಡು ಅದು, ಈ ವರ್ಷ ಮಿಲ್ಲಿನ ಯಾವ ಸೆಕ್ಷನ್ನನ್ನು ಯಾರು ತಪಾಸಣೆ ಮಾಡಬೇಕೆಂಬ ಪಟ್ಟಿ. ಏಳು ಸಾಲು ತುಂಬಿದ್ದವು. ಎಂಟನೆಯದು ಅಂಜಿನಿ ನೋಡಿಕೊಳ್ಳುವ ಡ್ರೈಯರ್, ಭತ್ತ ಒಣಗಿಸುವ ಯಂತ್ರ. ಅಲ್ಲಿ ತಪಾಸಣೆ ಮಾಡುವವರ ಜಾಗದಲ್ಲಿದ್ದ ತನ್ನ ಹೆಸರನ್ನು ಅವಳೇ ಪೆನ್ನಿನಿಂದ ಹೊಡೆದುಹಾಕಿದ್ದಳು. ಬದಲಿಗೆ ಯಾರ ಹೆಸರನ್ನೂ ಬರೆದಿರಲಿಲ್ಲ.

“ಹೋದ ವರ್ಷ ನನ್ನ ಸೆಕ್ಷನ್ ನೀವೇ ನೋಡಿದ್ರಿ. ಈ ಸಲ ಹೆಸರು ಹೊಡದು ಹಾಕೀರಿ. ನನ್ನ ಮುಖ ನೋಡಾಕ ಬ್ಯಾಸರಾತೇನ್ರಿ?”

ಅವನು ನಗುತ್ತಲೇ ಕೇಳಿದ್ದ, ಆದರೆ ನಗು ಕಣ್ಣಿನ ತನಕ ಹೋಗಿರಲಿಲ್ಲ. ಪಂಪಾವತಿ ಹಾಳೆಯನ್ನು ಮಗುಚಿಟ್ಟಳು. ಕಾರಣ ಹೇಳಬೇಕೆಂದರೆ ಒಂದು ವರ್ಷದಿಂದ ಹೇಳದೇ ಇದ್ದದ್ದನ್ನೆಲ್ಲ ಹೇಳಬೇಕಿತ್ತು. ಅವನು “ಇರ್ಲಿ ಬಿಡ್ರಿ” ಎಂದು ಹೊರಟುಹೋದ.

ಸಿರುಗುಪ್ಪದ ಆ ರೈಸ್ ಮಿಲ್ಲಿನಲ್ಲಿ ಲ್ಯಾಬ್ ಎಂದರೆ ಹತ್ತಡಿ ಕೋಣೆ. ಹೊಟ್ಟಿನ ಧೂಳು ಒಳಗೆ ಬರುತ್ತದೆಂದು ಅದರ ಒಂದೇ ಕಿಟಕಿಗೆ ಯಾರೋ ಎಂದೋ ಮೊಳೆ ಹೊಡೆದಿದ್ದರು. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಮೂರು ವರ್ಷ ಆ ಕೋಣೆಯಲ್ಲಿ ಕೂತವಳಿಗೆ ಅದು ಇಷ್ಟು ಚಿಕ್ಕದು ಎಂದು ಅನ್ನಿಸಿದ್ದು ಇವತ್ತೇ.

ಹೋದ ವರ್ಷದ ಆಡಿಟ್‌ನಲ್ಲಿ ಅವಳೇ ಅವನ ತಪ್ಪು ಹಿಡಿದಿದ್ದಳು. ಒಣಗಿದ ಭತ್ತದಲ್ಲಿ ನೂರಕ್ಕೆ ಎಷ್ಟು ಪಾಲು ತೇವ ಉಳಿದಿದೆ ಎಂದು ಮೀಟರಿನಲ್ಲಿ ನೋಡಬೇಕು. ಅವನೋ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಬಾದನಹಟ್ಟಿಯಲ್ಲಿ ಅವನ ಅಪ್ಪ ನೋಡುತ್ತಿದ್ದದ್ದೂ ಹಾಗೆಯೇ ಅಂತೆ. ಅವಳು ಮುಲಾಜಿಲ್ಲದೆ ತಪ್ಪು ಬರೆದಳು. ಸಿಟ್ಟಾಗಬೇಕಾದ ಮನುಷ್ಯ ಅವಳ ಅಂಗೈಯಲ್ಲಿ ಒಂದು ಕಾಳಿಟ್ಟು, ಕಡಿದು ಹೇಳ್ರಿ ಎಂದ. ಅವಳು ಹದಿನಾರು ಅಂದಳು, ಅವನು ಹದಿಮೂರೂವರೆ ಅಂದ. ಮೀಟರು ಅವನ ಕಡೆಗೇ ಆಯಿತು.

ಅವತ್ತಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ ಡ್ರೈಯರ್ ಹತ್ತಿರ ಎರಡು ಟೀ, ಒಂದು ಕಾಳು. ಮೊದಲು ಹಲ್ಲು, ಆಮೇಲೆ ಮೀಟರು. ಅವಳು ಕಡಿಯುವಾಗ ಅವನು ತುಟಿಯನ್ನೇ ನೋಡುತ್ತಿದ್ದು, ಅವಳು ತಲೆ ಎತ್ತಿದ ಕೂಡಲೇ ಡ್ರೈಯರಿನ ಶಾಖ ತೋರಿಸುವ ಮುಳ್ಳಿನ ಕಡೆಗೆ ತಿರುಗುತ್ತಿದ್ದ, ಅದರಲ್ಲೇನೋ ಭಾರೀ ವಿಷಯ ಇರುವವನಂತೆ. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಆದರೂ ಅವನು ಮೇಡಂ ಎನ್ನುವುದನ್ನು ಬಿಡಲಿಲ್ಲ, ಇವಳು ಬಾಯಿ ಬಿಡಲಿಲ್ಲ. ಪುಣ್ಯಾತ್ಮರು, ವರ್ಷವಿಡೀ ಕಾಳು ಕಡಿದರೇ ಹೊರತು ಮಾತಾಡಲಿಲ್ಲ.

ಇಪ್ಪತ್ತು ದಿನದ ಹಿಂದೆ ಮೀಟರು ಕೆಟ್ಟಿತು. ಭತ್ತಕ್ಕೆ ಇದ್ದದ್ದು ಅದೊಂದೇ, ಲ್ಯಾಬಿನದು ಅಕ್ಕಿಗಷ್ಟೇ. ಮ್ಯಾನೇಜರ್ ಉಜ್ಜಿನಪ್ಪನವರಿಗೆ ಮೂರು ಸಲ ಹೇಳಿದರೂ ತರಿಸಲಿಲ್ಲ ಎಂದು ಅಂಜಿನಿ ಟೀ ಕುಡಿಯುವಾಗ ಅವಳಿಗೆ ಹೇಳಿದ್ದ. ಮತ್ತೆ ಹಲ್ಲಿನ ಲೆಕ್ಕವೇ ರಿಜಿಸ್ಟರಿಗೆ ಹೋಗುತ್ತಿತ್ತು. ಬೇರೆ ಯಾರದ್ದೇ ಸೆಕ್ಷನ್ ಆಗಿದ್ದರೆ ಅವತ್ತೇ ಬರೆಯುತ್ತಿದ್ದಳು. ಇವನದೆಂದು ಬರೆಯಲಿಲ್ಲ. ಅದಕ್ಕೇ ನಿನ್ನೆ ಎಂಟನೆಯ ಸಾಲಿನಲ್ಲಿ ತನ್ನ ಹೆಸರು ಹೊಡೆದುಹಾಕಿದ್ದಳು.

ಹನ್ನೊಂದಕ್ಕೆ ಉಜ್ಜಿನಪ್ಪನವರು ಬಂದು ಪ್ಲಾನ್ ನೋಡಿದರು. ಸಂಜೆ ನಾಲ್ಕಕ್ಕೆ ತಮ್ಮ ಸಹಿಗೆ ಬರಬೇಕೆಂದರು. ಆಮೇಲೆ ಎಂಟನೆಯ ಸಾಲಿನ ಮೇಲೆ ಬೆರಳಿಟ್ಟರು.

“ಡ್ರೈಯರ್ ಬಿಟ್ಟುಬಿಡವ್ವ. ಮುಂದಿನ ತಿಂಗಳು ಅಕ್ಕಿ ಕೊಳ್ಳೋ ಮಂದಿ ಬಂದು ನೋಡೋದು ಇದನ್ನೇ. ಇದರಾಗ ಇಲ್ಲದ್ದನ್ನ ಯಾರು ಕೇಳ್ತಾರ? ಹಾಕಿದ್ರ ತಪ್ಪು ಸಿಗತೈತಿ, ಸಿಕ್ಕರ ಆ ಅಂಜಿನೀನ ಕುರುಗೋಡು ಗೋದಾಮಿಗೆ ಹಾಕ್ತೀನಿ. ನಿನಗೂ ಅದು ಬ್ಯಾಡಂತ ಅನ್ಕೊಂಡೀನಿ.”

ಕೊನೆಯ ಮಾತನ್ನು ಅವರು ಸ್ವಲ್ಪ ಎಳೆದೇ ಹೇಳಿದರು. ಇವರಿಗೂ ಗೊತ್ತಿದೆ ಎಂದು ಪಂಪಾವತಿಗೆ ಅರ್ಥವಾಯಿತು.

ಈಗ ಯಾವ ಕಡೆಗೂ ದಾರಿ ಇರಲಿಲ್ಲ. ಹೋದ ವರ್ಷ ತಪ್ಪು ಸಿಕ್ಕ ಜಾಗವನ್ನು ಈ ವರ್ಷ ಮತ್ತೆ ನೋಡಲೇಬೇಕು, ಅದು ನಿಯಮ. ಬಿಟ್ಟರೆ ಮೋಸ. ತನ್ನ ಹೆಸರು ಹಾಕಿಕೊಂಡರೆ, ಆ ಸೆಕ್ಷನ್ನಿನವರ ಜೊತೆ ತನಗೆ ಯಾವ ಸಂಬಂಧವೂ ಇಲ್ಲ ಎಂದು ಕೆಳಗೆ ಸಹಿ ಮಾಡಬೇಕು. ಅದು ಸುಳ್ಳು. ಬೇರೆಯವರನ್ನು ಹಾಕಿದರೆ ಷರಾ ಕಾಲಮ್ಮಿನಲ್ಲಿ ಕಾರಣ ಬರೆಯಬೇಕು. ಪ್ಲಾನು ನೋಟಿಸ್ ಬೋರ್ಡಿಗೆ ಹೋಗುವುದರಿಂದ ಆ ಕಾರಣ ಇಡೀ ಮಿಲ್ಲು ಓದುತ್ತದೆ. ಯಾವುದನ್ನು ಮಾಡಿದರೂ ಏಟು ಬೀಳುವುದು ಅವನಿಗೆ. ಅವಳು ಮೊಳೆ ಹೊಡೆದ ಕಿಟಕಿಯನ್ನು ಸುಮ್ಮನೆ ಒಮ್ಮೆ ತಳ್ಳಿ ನೋಡಿದಳು. ಅದು ಅಲುಗಲಿಲ್ಲ.

ಮೂರು ಗಂಟೆಗೆ ಅವಳ ಕಾಲು ತಾನಾಗಿಯೇ ಡ್ರೈಯರ್ ಕಡೆ ನಡೆಯಿತು. ಟೀ ಇರಲಿಲ್ಲ. ಅಂಜಿನಿ ಬೆನ್ನು ತಿರುಗಿಸಿ ರಿಜಿಸ್ಟರ್ ಬರೆಯುತ್ತಿದ್ದ. ಅವಳು ಬಂದದ್ದು ಗೊತ್ತಾಗಿ ಕಿವಿ ಕೆಂಪಾಯಿತು, ತಿರುಗಲಿಲ್ಲ. ಒಣಗಿದ ಭತ್ತ ಕೆಳಗಿಳಿಯುವ ಜಾಗದಿಂದ ಅವಳೇ ಒಂದು ಕಾಳು ತೆಗೆದು ಕಡಿದಳು. ಕಟ್ ಎನ್ನಬೇಕಿದ್ದ ಕಾಳು ಹಲ್ಲಿನಡಿ ಮೆತ್ತಗೆ ಒತ್ತಿಕೊಂಡಿತು. ಇನ್ನೊಂದು ಕಡಿದಳು. ಅದೂ ಹಾಗೆಯೇ. ರಿಜಿಸ್ಟರಿನಲ್ಲಿ ಹದಿಮೂರು ಎಂದಿತ್ತು.

“ಇದು ಒಣಗಿಲ್ಲ ಅಂಜಿನಿ. ಹದಿನೈದರ ಮ್ಯಾಲೈತಿ.”

ಅವನು ತಿರುಗಿ, ಒಂದು ಕಾಳು ಬಾಯಿಗೆ ಹಾಕಿಕೊಂಡ. ಮುಖ ಬಿಳಿಚಿತು. ಹಾಗೇ ಚೀಲಕ್ಕೆ ಹೋಗಿದ್ದರೆ ಎರಡು ವಾರದಲ್ಲಿ ಬೂಸಲು ಹಿಡಿಯುತ್ತಿತ್ತು. ಅವನು ಓಡಿಹೋಗಿ ಭತ್ತವನ್ನು ಮತ್ತೆ ಒಣಗಲು ಮೇಲಕ್ಕೆ ಏರಿಸಿ ಬಂದು ತಲೆ ತಗ್ಗಿಸಿ ನಿಂತ.

“ಸಿಟ್ಟಿನಾಗ ಕಡದಿದ್ದೆರಿ. ಮುಂಜಾನಿಯಿಂದ ತಲಿ ಇಲ್ಲೇ ಇಲ್ಲ.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ತನ್ನ ಮೌನ ಇವನನ್ನು ಕಾಪಾಡುತ್ತದೆ ಎಂದುಕೊಂಡಿದ್ದಳಲ್ಲ, ಅದು ಒಂದೇ ದಿನದಲ್ಲಿ ಇವನನ್ನು ಎಲ್ಲಿಗೆ ತಂದು ನಿಲ್ಲಿಸಿತ್ತು. ಲ್ಯಾಬಿಗೆ ವಾಪಸು ಹೋಗಿ ಎಂಟನೆಯ ಸಾಲನ್ನು ಒಂದೇ ಉಸಿರಿಗೆ ಬರೆದು ಮುಗಿಸಿದಳು.

ಪ್ರತಿ ಸೆಕ್ಷನ್ನಿನವರೂ ತಮ್ಮ ಸಾಲನ್ನು ಓದಿ ಸಹಿ ಮಾಡಿದ ಮೇಲೆಯೇ ಪ್ಲಾನು ಮ್ಯಾನೇಜರ್ ಬಳಿಗೆ ಹೋಗುವುದು ಆ ಮಿಲ್ಲಿನ ಪದ್ಧತಿ. ಏಳು ಸಹಿ ಬೆಳಗ್ಗೆಯೇ ಆಗಿದ್ದವು. ಎಂಟನೆಯದಕ್ಕೆ ಅವಳು ಹಾಳೆ ಹಿಡಿದು ಮತ್ತೆ ಡ್ರೈಯರ್ ಹತ್ತಿರ ಬಂದಳು. ಅವನು ಓದತೊಡಗಿದ.

ತಪಾಸಣೆ ಮಾಡುವವರು: ಪ್ಯಾಕಿಂಗ್ ವಿಭಾಗದ ಚನ್ನವೀರಮ್ಮ. ನೋಡಬೇಕಾದದ್ದು: ಹೋದ ವರ್ಷದ ತಪ್ಪು, ತೇವದ ಮೀಟರು, ಕಳೆದ ಇಪ್ಪತ್ತು ದಿನದ ರಿಜಿಸ್ಟರು. ಷರಾ: ಮೀಟರು ಕೆಟ್ಟಿದ್ದು ನನಗೆ ಗೊತ್ತಿತ್ತು, ಬರೆಯಲಿಲ್ಲ. ಡ್ರೈಯರ್ ನೋಡಿಕೊಳ್ಳುವ ಅಂಜಿನಿಯವರನ್ನು ನಾನು ಪ್ರೀತಿಸುತ್ತೇನೆ. ಆದ್ದರಿಂದ ಈ ಸೆಕ್ಷನ್ನನ್ನು ನಾನು ತಪಾಸಣೆ ಮಾಡುವಂತಿಲ್ಲ. ಪಂಪಾವತಿ, ಲ್ಯಾಬ್.

ಅವನು ಮೂರು ಸಲ ಓದಿದ. ಡ್ರೈಯರಿನ ಮುಳ್ಳಿನ ಕಡೆಗೆ ತಿರುಗಲಿಲ್ಲ. ನೆಟ್ಟಗೆ ಅವಳನ್ನೇ ನೋಡಿದ, ಒಂದು ವರ್ಷದಲ್ಲಿ ಮೊದಲ ಸಲ.

“ಇದಕ್ಕ ಹೆಸರು ಹೊಡದದ್ದಾ?”

“ಹೂಂ. ತಪ್ಪು ಸಿಕ್ಕರ ನಿಮ್ಮನ್ನ ಕುರುಗೋಡು ಗೋದಾಮಿಗೆ ಹಾಕ್ತಾರಂತ.”

“ಹಾಕ್ಲಿ ಬಿಡ್ರಿ. ಕುರುಗೋಡು ನಮ್ಮೂರಿಗೆ ಹತ್ರ.” ಅವನು ಅವಳ ಕೈಯಿಂದ ಪೆನ್ನು ತೆಗೆದುಕೊಂಡ. “ನೀವು ನೋಡುವಂಗಿಲ್ಲಂತ ಬರದೀರಲ್ಲ, ಅದು ಡ್ರೈಯರ್ ಅಷ್ಟೇ ಹೌದಿಲ್ಲೋ?”

ಅವಳು ಅಳುತ್ತಲೇ ನಕ್ಕಳು. ಅವನು ಸಹಿ ಮಾಡಿದ. ಆಮೇಲೆ ರಿಜಿಸ್ಟರ್ ತೆರೆದು, ಇಪ್ಪತ್ತು ದಿನದ ಲೆಕ್ಕ ಹಲ್ಲಿನಿಂದ ನೋಡಿ ಬರೆದದ್ದು, ಮೀಟರು ಬೇಕು ಎಂದು ದಪ್ಪಕ್ಷರದಲ್ಲಿ ಬರೆದ. ಬಾಯಿಲೆ ಹೇಳಿದ್ದು ತಪ್ಪು, ಮೊದಲೇ ಬರೆದು ಕೊಡಬೇಕಿತ್ತು ಎಂದ. ಭಾನುವಾರ ಅವ್ವನನ್ನು ಕರೆದುಕೊಂಡು ಬಳ್ಳಾರಿಗೆ ಬರುತ್ತೇನೆ ಎಂದೂ ಹೇಳಿದ, ಈ ಸಲ ಮೇಡಂ ಎನ್ನಲಿಲ್ಲ, ಪಂಪಾ ಎಂದ.

ನಾಲ್ಕಕ್ಕೆ ಇಬ್ಬರೂ ಒಟ್ಟಿಗೆ ಉಜ್ಜಿನಪ್ಪನವರ ಮುಂದೆ ನಿಂತರು. ಅವರು ಕನ್ನಡಕ ಏರಿಸಿ ಎಂಟನೆಯ ಸಾಲು ಓದಿದರು, ಕನ್ನಡಕ ತೆಗೆದು ಇಬ್ಬರ ಮುಖ ನೋಡಿದರು, ಮತ್ತೆ ಓದಿದರು. ಸಹಿ ಮಾಡದಿರಲು ಅವರಿಗೂ ಈಗ ದಾರಿ ಉಳಿದಿರಲಿಲ್ಲ. ಮೀಟರಿನ ವಿಷಯ ರಿಜಿಸ್ಟರಿಗೆ ಏರಿಬಿಟ್ಟಿತ್ತು, ಇನ್ನು ಮುಚ್ಚಿಡುವಂತಿರಲಿಲ್ಲ.

“ಇದನ್ನ ಹಿಂಗ ನೋಟಿಸ್ ಬೋರ್ಡಿಗೆ ಹಚ್ಚಬೇಕೇನವ್ವ?”

ಪಂಪಾವತಿ ಪಕ್ಕದಲ್ಲಿದ್ದವನ ಕಡೆ ಒಮ್ಮೆ ನೋಡಿದಳು.

“ಹೌದ್ರಿ ಸರ್. ಎಂಟೂ ಸೆಕ್ಷನ್ನಿಗೆ ಒಂದೊಂದು ಕಾಪಿನೂ ಹೋಗಬೇಕ್ರಿ.”