ಈಜುಕೊಳದ ಕಡೆಗೆ ತಿರುಗಿದ ಬಾಣ

“ಮೇಡಂ, ಆ ಬಾಣದ ಬೋರ್ಡು ನಾನು ತಿರುಗಿಸಿಲ್ಲ. ನನ್ನ ಮಾತು ಯಾರೂ ಕಿವಿಗೇ ಹಾಕ್ಕೊಳ್ತಿಲ್ಲ!”

ಕಾಡಿನ ಕಾವಲುಗಾರ ಬಾಗಿಲಲ್ಲೇ ನಿಂತು ಗೋಗರೆದ. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಅತ್ತಿಗೆ ಆಗಲೇ ಬೂಟು ಹುಡುಕುತ್ತಿದ್ದರು. ನಾದಿನಿ ಒಲೆ ಆರಿಸಿ ಹೊರಟಳು.

ಆ ಕಾಡು ಒಂದು ಕಾಲಕ್ಕೆ ಸಿರಿವಂತರೊಬ್ಬರ ಸ್ವಂತ ವಿಹಾರಧಾಮ. ಸಾಯುವ ಮುನ್ನ ಅವರು ಅದನ್ನು ಜನರ ನಡಿಗೆಗೆ ಬಿಟ್ಟುಕೊಟ್ಟಿದ್ದರು. ದಾರಿಯಲ್ಲಿ ಯಾರಿಗಾದರೂ ಅಪಾಯವಾದರೆ ಜಾಗ ಮಗಳಿಗೆ ವಾಪಸ್ಸು ಎಂಬ ಷರತ್ತಿನ ಮೇಲೆ. ಮೊನ್ನೆ ಅವರ ಅಳಿಯನೇ ಪೊದೆ ಮುಚ್ಚಿದ ಹಳೆಯ ಈಜುಕೊಳಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದ. ಬಾಣ ಅತ್ತಲೇ ತೋರಿಸುತ್ತಿತ್ತು ಎಂಬುದು ಅವನ ದೂರು. ಅಂದಿನಿಂದ ಕಾಡಿನ ಗೇಟು ಮುಚ್ಚಿತ್ತು; ಇವತ್ತು ಸಂಜೆ ಅರಣ್ಯಾಧಿಕಾರಿ ಜಾಗ ನೋಡಲು ಬರುವವರಿದ್ದರು.

ಕಾಡಿನಂಚಿನ ಬಂಗಲೆಯಲ್ಲಿ ಆ ಅಳಿಯ ಪ್ಲಾಸ್ಟರಿನ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಸಿರಿವಂತರ ಆ ಮಗಳು, ಕಪ್ಪಾದ ಬೆರಳುಗಳನ್ನು ಕರವಸ್ತ್ರದಿಂದ ತಿಕ್ಕುತ್ತಿದ್ದಳು.

“ಪೆನ್ನು ಸೋರ್ತು,” ಎಂದಳು, ಯಾರೂ ಕೇಳದಿದ್ದರೂ.

ಅತ್ತಿಗೆ, ನಾದಿನಿ ಏರು ಹತ್ತಿದರು. ಟೆನಿಸ್ ಅಂಗಳದ ಸಿಮೆಂಟು ಸೀಳಿಕೊಂಡು ಮರಗಳು ಎದ್ದಿದ್ದವು. ದಾರಿ ಕವಲೊಡೆಯುವಲ್ಲಿ ಬಾಣ ಕೊಳದತ್ತ ತಿರುಗಿತ್ತು. ಅದನ್ನು ಸುತ್ತಿದ್ದ ಬಳ್ಳಿ ಹರಿದಿತ್ತು. ನಾದಿನಿ ಮುಟ್ಟಿದಾಗ ಬಿಳಿ ಹಾಲು ಬೆರಳಿಗೆ ಮೆತ್ತಿತು.

“ಇನ್ನೂ ಹಸಿಯಾಗೇ ಇದೆ ಅತ್ತಿಗೆ.”

“ಹೌದಾ? ಹಾಗಾದ್ರೆ ಕೊಳ ನೋಡೇಬಿಡೋಣ ಬಾ.”

ಕೊಳದ ನೀಲಿ ಹಂಚುಗಳ ನಡುವೆ ಎಳೆಯ ಮರಗಳಿದ್ದವು. ಅವುಗಳ ಸುತ್ತ ಹೊಸ ಗೂಟಗಳು. ಗೂಟದಿಂದ ಗೂಟಕ್ಕೆ ಕೆಂಪು ದಾರ. ಇಳಿದು ಬರುವಷ್ಟರಲ್ಲಿ ನಾದಿನಿಯ ಬೆರಳು ಮಸಿಯಂತೆ ಕಪ್ಪಾಗಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ.

ಸಂಜೆ ಅರಣ್ಯಾಧಿಕಾರಿ ಬಂದಾಗ ಅತ್ತಿಗೆ ಎಲ್ಲರನ್ನೂ ಬಂಗಲೆಯ ಹಜಾರದಲ್ಲಿ ಕೂರಿಸಿದರು.

“ಬಿದ್ದದ್ದು ನಿಜ. ಆದ್ರೆ ದಾರಿ ತಪ್ಪಿ ಅಲ್ಲ, ಕೊಳ ಅಳೆಯೋಕೆ ಹೋಗಿ. ಗೂಟ, ದಾರ ಅಲ್ಲೇ ಇವೆ. ಬೋರ್ಡು ಮೊನ್ನೆ ತಿರುಗಿದ್ರೆ ಬಳ್ಳಿಯ ಗಾಯ ಒಣಗಿರ್ತಿತ್ತು. ಅದು ಹರಿದಿದ್ದು ಇವತ್ತು, ಅಧಿಕಾರಿಗಳು ನೋಡೋಕೆ ಬರ್ತಾರೆ ಅಂತ. ಮುರಿದ ಕಾಲಲ್ಲಿ ಇವರು ಹತ್ತೋಕಾಗಲ್ಲ.” ನಾದಿನಿಯ ಕೈ ಹಿಡಿದೆತ್ತಿದರು. “ಆ ಬಳ್ಳಿ ಮುಟ್ಟಿದ ಬೆರಳು ಹೀಗಾಗುತ್ತೆ. ನಿಮ್ಮ ಕೈ ತೋರಿಸಿ ತಾಯಿ.”

ಮಗಳು ಕೈ ಬಚ್ಚಿಡಲಿಲ್ಲ.

“ಅಪ್ಪ ನಂಗೆ ಈಜು ಕಲಿಸಿದ್ದೇ ಅಲ್ಲಿ. ಅದನ್ನ ಮತ್ತೆ ಕಟ್ಟಿಸ್ಬೇಕು ಅಂತ...”

“ಅದಕ್ಕೆ ಈ ಮನುಷ್ಯನ ಅನ್ನ ಕಿತ್ಕೋಬೇಕಿತ್ತಾ?”

ಅವಳು ತಲೆ ತಗ್ಗಿಸಿದಳು. ನಾದಿನಿಗೆ ಅಯ್ಯೋ ಎನಿಸಿತು. ಅತ್ತಿಗೆಯ ಮುಖ ಸಡಿಲವಾಗಲಿಲ್ಲ.

ಕಾವಲುಗಾರ ಗಂಟಲು ಸರಿಮಾಡಿಕೊಂಡ. “ಸಾರ್, ನಾಳೆ ಗೇಟು ತೆಗೀಲಾ?”

“ಇನ್ನೇನ್ರಿ ಮತ್ತೆ,” ಎಂದರು ಅಧಿಕಾರಿ, “ತೆಗೀರಿ.”